ಸ್ಟೀರಿಂಗಿನೊಳಗಿನ ‘ಟಕ್‌ಟಕ್’

ಮೋಟಾರು ಗಾಡಿ ಇಟ್ಟುಕೊಂಡವರ ಸಂಕಟಗಳಲ್ಲಿ ದೊಡ್ಡವು, ಸಣ್ಣವು ಎಂದು ಎರಡು ಬಗೆ. ಗಾಡಿ ನಡುರಸ್ತೆಯಲ್ಲಿ ನಿಂತುಬಿಡುವುದು ದೊಡ್ಡ ಸಂಕಟ. ಅದಕ್ಕೆ ಮದ್ದೂ ಉಂಟು, ದಾರಿಹೋಕರ ಸಹಾನುಭೂತಿಯೂ ಉಂಟು. ನಾಲ್ಕು ಜನ ಸೇರಿ ತಳ್ಳಿಯಾದರೂ ಕೊಡುತ್ತಾರೆ. ಸಣ್ಣ ಸಂಕಟಕ್ಕೆ ಇವೆರಡೂ ಇಲ್ಲ. ಗಾಡಿ ಓಡುತ್ತದೆ, ಬ್ರೇಕು ಹಿಡಿಯುತ್ತದೆ, ಪೆಟ್ರೋಲನ್ನೂ ಹದವಾಗಿಯೇ ಕುಡಿಯುತ್ತದೆ. ಆದರೆ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕೈಯ ಕೆಳಗೆ ಎಲ್ಲಿಯೋ ‘ಟಕ್’ ಎನ್ನುತ್ತದೆ. ಒಮ್ಮೆ ಕಿವಿಗೆ ಬಿತ್ತೆಂದರೆ ಮುಗಿಯಿತು. ರೇಡಿಯೋ ಹಾಕಿದರೂ ಅದೇ ಕೇಳುತ್ತದೆ, ಮಾತನಾಡಿದರೂ ಅದೇ ಕೇಳುತ್ತದೆ.

ಮನೆಯವರ ಕಿವಿಗೆ ಅದು ಚಾಲಕನಿಗಿಂತ ಮೊದಲೇ ಬಿದ್ದಿರುತ್ತದೆಂಬುದು ಬೇರೆ ಮಾತು. ನಮ್ಮಲ್ಲಿ ಕಲಬುರ್ಗಿ ಕಡೆಯ ಮನೆಯಾದರೆ, “ಏನ್ರೀ, ಮತ್ತ ಸಪ್ಪಳ ಆತು ನೋಡ್ರಿ” ಎಂಬ ಮಾತು ಪಕ್ಕದ ಸೀಟಿನಿಂದ ಬರುತ್ತದೆ, ಮೈಸೂರು ಕಡೆಯ ಮನೆಯಾದರೆ, “ರೀ, ಮತ್ತೆ ಶಬ್ದ ಬಂತಲ್ಲ, ತೋರಿಸಬಾರದೆ?” ಎಂದು. ಉತ್ತರ ಮಾತ್ರ ಎರಡು ಕಡೆಯವರದೂ ಒಂದೇ: “ಏನೂ ಇಲ್ಲ ಬಿಡು.”

ಏನೂ ಇಲ್ಲವೆ? ಇಲ್ಲದಿರಬಹುದು, ಇದ್ದೂ ಇರಬಹುದು. ಈ ‘ಟಕ್’ ಎಂಬುದು ಒಂದು ರೋಗದ ಹೆಸರಲ್ಲ, ಹಲವು ರೋಗಗಳಿಗೆ ಸಮಾನವಾದ ಒಂದು ಕೆಮ್ಮು. ನೆಗಡಿಯ ಕೆಮ್ಮೂ ಉಂಟು, ಕ್ಷಯದ ಕೆಮ್ಮೂ ಉಂಟು. ಸುಮ್ಮನಿರಬಹುದಾದದ್ದು ಯಾವುದು, ಗಾಡಿಯನ್ನು ಇದ್ದಲ್ಲೇ ನಿಲ್ಲಿಸಬೇಕಾದದ್ದು ಯಾವುದು ಎಂಬ ಭೇದ ತಿಳಿದಿದ್ದರೆ ಹಣವೂ ಉಳಿಯುತ್ತದೆ, ಕೆಲವು ವೇಳೆ ಜೀವವೂ ಉಳಿಯುತ್ತದೆ. ಹಬ್ಬಕ್ಕೆಂದು ಮಕ್ಕಳು ಮುದುಕರನ್ನು ಕೂಡಿಸಿಕೊಂಡು ಬೀದರಿಗೆ ಸುಮಾರು 140 ಕಿಲೋಮೀಟರು, ರಾಯಚೂರಿಗೆ ಸುಮಾರು 200, ಬೆಂಗಳೂರಿಗೆ ಸುಮಾರು 570 ಕಿಲೋಮೀಟರು ಹೋಗಿಬರುವ ನಮ್ಮಂಥವರಿಗೆ ಇದು ತಿಳಿದಿರಬೇಕಾದ ಸಂಗತಿಯೇ.

ಹಿಂದಿನವರಿಗೆ ಈ ಪೀಡೆ ಇರಲಿಲ್ಲವೆ ಎಂದು ಕೇಳಬಹುದು. ಇತ್ತು, ಕೇಳಿಸುತ್ತಿರಲಿಲ್ಲ. ಅಂಬಾಸಡರಿನ ಕಿಟಕಿ ತೆರೆದೇ ಇರುತ್ತಿತ್ತು. ಗಾಳಿಯ ಸದ್ದು, ಎಂಜಿನಿನ ಸದ್ದು, ಬಾಗಿಲಿನ ಲೊಟಲೊಟ ಇವುಗಳ ಸಂತೆಯಲ್ಲಿ ಒಂದು ‘ಟಕ್’ ಯಾರ ಲೆಕ್ಕಕ್ಕೆ? ರೋಲ್ಸ್‌ರಾಯ್ಸ್ ಕಾರಿನ ವಿಷಯವಾಗಿ 1958ರಲ್ಲಿ ಡೇವಿಡ್ ಓಗಿಲ್ವಿ ಬರೆದ ಜಾಹೀರಾತೊಂದು ಲೋಕಪ್ರಸಿದ್ಧ. ಗಂಟೆಗೆ 60 ಮೈಲಿ ವೇಗದಲ್ಲಿಯೂ ಆ ಗಾಡಿಯೊಳಗೆ ಕೇಳುವ ಅತಿ ದೊಡ್ಡ ಸದ್ದೆಂದರೆ ಗಡಿಯಾರದ್ದು ಎಂಬುದು ಅದರ ಹೆಮ್ಮೆ. ನಿಜಾಮರ ರೋಲ್ಸ್‌ರಾಯ್ಸ್ ಗಾಡಿಯನ್ನು ನಮ್ಮ ಚೌಮಹಲ್ಲಾ ಅರಮನೆಯಲ್ಲಿ ನೋಡಿದ್ದವರು, ಅಂಥ ನಿಶ್ಶಬ್ದ ನಮಗೆಲ್ಲಿಂದ ಬರಬೇಕು ಎಂದುಕೊಂಡು ಹೊರಬಂದಿರುತ್ತಾರೆ. ಬಂದೇಬಿಟ್ಟಿತು. ಈಗಿನ ಸಾಧಾರಣ ಕಾರಿನಲ್ಲಿಯೂ ಗಾಜು ಏರಿಸಿ ತಣ್ಣನೆಯ ಗಾಳಿ ಹಾಕಿಕೊಂಡರೆ ಹೊರಲೋಕದ ಗದ್ದಲ ಮುಕ್ಕಾಲು ಪಾಲು ಹೊರಗೇ ನಿಲ್ಲುತ್ತದೆ. ವಿದ್ಯುತ್ತಿನಿಂದ ಓಡುವ ಗಾಡಿಯಲ್ಲಂತೂ ಎಂಜಿನಿನ ಸದ್ದೇ ಇಲ್ಲ. ಹೀಗೆ ನಿಶ್ಶಬ್ದ ಹೆಚ್ಚಿದಷ್ಟೂ ಸಣ್ಣ ಸಪ್ಪಳ ದೊಡ್ಡದಾಗುತ್ತದೆ.

ಇನ್ನು ಹೈದರಾಬಾದಿನ ವಿಶೇಷ. ಈ ಊರಿನಲ್ಲಿ ಬಲಕ್ಕೆ ಹೋಗಬೇಕಾದವನು ಬಲಕ್ಕೆ ತಿರುಗುವಂತಿಲ್ಲ. ಎಷ್ಟೋ ಕೂಡುರಸ್ತೆಗಳನ್ನು ಮುಚ್ಚಿ, ಮುಂದೆ ಹೋಗಿ ‘ಯು ಟರ್ನ್’ ಹೊಡೆದು ಬಾ ಎಂದು ಬಿಟ್ಟಿದ್ದಾರೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ, ಅದೇ ಗಳಿಗೆಯಲ್ಲಿ ಹಿಂದಿನ ಬಸ್ಸಿಗೆ ಹೆದರಿ ವೇಗವನ್ನೂ ಕೊಡಬೇಕು. ಮನೆ ಸೇರಿದ ಮೇಲೆ ಅಪಾರ್ಟ್‌ಮೆಂಟಿನ ಸೆಲ್ಲಾರು. ಕಡಿದಾದ ಇಳಿಜಾರು, ಇಳಿದೊಡನೆ ಕಂಬದ ಸುತ್ತ ತಿರುವು, ಕಡೆಗೆ ಎರಡು ಗಾಡಿಗಳ ನಡುವೆ ನಾಲ್ಕು ಸಲ ಹಿಂದೆ ಮುಂದೆ. ಸ್ಟೀರಿಂಗಿನ ಕೀಲುಗಳಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ. ಸೆಲ್ಲಾರಿನ ಗೋಡೆಗಳು ಆ ಸದ್ದನ್ನು ಮರಳಿಸಿ ನಮ್ಮ ಕಿವಿಗೇ ತಂದೊಪ್ಪಿಸುತ್ತವೆ. ಒಂದು ಲೆಕ್ಕಕ್ಕೆ ಇದು ಉಪಕಾರವೇ ಸರಿ. ಬಯಲಿನಲ್ಲಿ ಕೇಳದ ಸದ್ದು ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಮೊದಲು ಸಹಜವಾದ ಸದ್ದನ್ನು ಬದಿಗಿಡೋಣ. ತಿರುವಿನ ದೀಪ ಹಾಕಿ ತಿರುಗಿ, ಸ್ಟೀರಿಂಗ್ ನೇರವಾಗುತ್ತ ಬಂದಾಗ ದೀಪದ ಹಿಡಿಯನ್ನು ತಳ್ಳಿ ಆರಿಸುವ ಒಂದು ಸಣ್ಣ ಏರ್ಪಾಡು ಒಳಗಿದೆ. ಅದು ‘ಟಕ್’ ಎನ್ನಲೇಬೇಕು. ಹಿಮ್ಮುಖ ಹೋಗಿ ಮುಂದಕ್ಕೆ ಹೊರಟಾಗ ಬ್ರೇಕಿನ ಪ್ಯಾಡು ಜಾಗ ಬದಲಿಸಿ ಒಂದೇ ಒಂದು ಸಲ ಸಣ್ಣಗೆ ‘ಟಕ್’ ಎಂದರೆ ಅದಕ್ಕೂ ಹೆದರಬೇಕಾಗಿಲ್ಲ. ಬೀಗದ ಕೈಗೆ ಕಟ್ಟಿದ ತಿರುಪತಿಯ ಪದಕ ಸ್ಟೀರಿಂಗ್ ಕಂಬಕ್ಕೆ ಬಡಿಯುವುದೂ ಉಂಟು. ಟಯರಿನ ಗೀರುಗಳಲ್ಲಿ ಕಲ್ಲು ಸಿಕ್ಕಿಕೊಂಡರೆ ಗಾಡಿಯ ವೇಗಕ್ಕೆ ತಕ್ಕಂತೆ ‘ಟಿಕ್‌ಟಿಕ್’ ಬರುತ್ತದೆ. ಅದನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸಿದರೆ ಮುಗಿಯಿತು.

ಆದರೆ ಇಲ್ಲೊಂದು ಎಚ್ಚರ. ಪಂಚರು ಹಾಕಿಸಿದ ಮರುದಿನವೇ ಚಕ್ರದ ಕಡೆಯಿಂದ ‘ಟಕ್‌ಟಕ್’ ಶುರುವಾದರೆ ಅದು ಕಲ್ಲೆಂದು ಭಾವಿಸಬಾರದು. ಚಕ್ರದ ನಟ್ಟುಗಳು ಸಡಿಲವಿರಬಹುದು. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಟ್ಟು ಬಿಗಿ ಮಾಡಿಯೇ ಮುಂದೆ ಹೋಗಬೇಕು, ಮನೆ ಎರಡೇ ಫರ್ಲಾಂಗು ದೂರವಿದ್ದರೂ ಸರಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪೂರ್ತಿ ತಿರುಗಿಸಿ ವೇಗ ಕೊಟ್ಟಾಗ ಮಾತ್ರ ‘ಕಟಕಟ ಕಟಕಟ’ ಎಂದು ಸಾಲಾಗಿ ಬಂದು, ನೇರ ರಸ್ತೆಯಲ್ಲಿ ನಿಂತುಹೋಗುವ ಸದ್ದು ಸ್ಟೀರಿಂಗಿನದಲ್ಲವೇ ಅಲ್ಲ. ಅದು ಮುಂದಿನ ಚಕ್ರದ ಕೀಲಿನದು. ಗ್ಯಾರೇಜಿನವರು ಇದನ್ನು ‘ಸಿ.ವಿ. ಜಾಯಿಂಟು’ ಎನ್ನುತ್ತಾರೆ. ಅಂಬಾಸಡರಿನಲ್ಲಿಯೂ ಪದ್ಮಿನಿಯಲ್ಲಿಯೂ ಎಂಜಿನು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಮುಂದಿನವು ದಾರಿ ತೋರಿಸುವುದಷ್ಟೇ ಕೆಲಸವಾಗಿ ಸುಮ್ಮನೆ ಉರುಳುತ್ತಿದ್ದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಎಳೆಯುವ ಕೆಲಸವೂ ತಿರುಗುವ ಕೆಲಸವೂ ಮುಂದಿನ ಚಕ್ರಗಳದೇ ಆದ ಪದ್ಧತಿಯನ್ನು ನಮ್ಮ ಮಧ್ಯಮವರ್ಗದ ಮನೆಗಳಿಗೆ ತಂದಿತು. ಎತ್ತು ನೇರ ನಡೆಯುವಾಗ ಎಳೆಯುವುದು ಒಂದು. ಕತ್ತು ಹೊರಳಿಸಿಕೊಂಡು ಎಳೆಯುವುದು ಇನ್ನೊಂದು. ಚಕ್ರ ಹೊರಳಿದ್ದರೂ ಶಕ್ತಿ ಜರ್ಕಿಲ್ಲದೆ ಹರಿಯುವಂತೆ ಮಾಡುವ ಕೀಲನ್ನು 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ಎಂಬ ಎಂಜಿನಿಯರು ರೂಪಿಸಿದನು. 1959ರಲ್ಲಿ ಇಂಗ್ಲೆಂಡಿನ ‘ಮಿನಿ’ ಕಾರು ಈ ಜಾತಿಯ ಕೀಲನ್ನು ಬಳಸಿ ಜನಪ್ರಿಯವಾಯಿತು. ಇಂದು ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲೆಲ್ಲ ಇರುವುದು ಇದರ ಸಂತತಿಯೇ.

ಅದರ ರಚನೆ ಸರಳ. ಒಂದು ಬಟ್ಟಲು, ಅದರೊಳಗೊಂದು ಗುಬುಟು, ಇವೆರಡರ ನಡುವಣ ಕಾಲುವೆಗಳಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು. ಎಲ್ಲವೂ ದಪ್ಪನೆಯ ಗ್ರೀಸಿನಲ್ಲಿ ಮುಳುಗಿರುತ್ತವೆ. ಗ್ರೀಸು ಹೊರಹೋಗದಂತೆ, ಧೂಳು ಒಳಬರದಂತೆ ಮೇಲೊಂದು ನೆರಿಗೆ ನೆರಿಗೆಯಾದ ರಬ್ಬರಿನ ಚೀಲ. ಆ ಚೀಲ ಹರಿಯದಿರುವವರೆಗೆ ಕೀಲು ಬಹುಕಾಲ ಬಾಳುತ್ತದೆ. ಹರಿಯಿತೋ, ತಿರುಗುವ ರಭಸಕ್ಕೆ ಗ್ರೀಸು ಚಿಮ್ಮಿಹೋಗುತ್ತದೆ, ಮಳೆಯ ನೀರೂ ಮರಳೂ ಒಳಸೇರುತ್ತವೆ. ಕಾಲುವೆಗಳಲ್ಲಿ ಕುಳಿ ಬೀಳುತ್ತವೆ. ಗುಂಡು ಆ ಕುಳಿಯಲ್ಲಿ ಇಳಿದು ಹತ್ತುವಾಗ ಬರುವ ಸದ್ದೇ ನಮ್ಮ ‘ಕಟಕಟ’.

ಹೈದರಾಬಾದಿನ ಹವೆ ಈ ರಬ್ಬರಿಗೆ ಮಿತ್ರನಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಅದನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಜೂನಿನಲ್ಲಿ ಮಳೆ ಬಂದೊಡನೆ ರಸ್ತೆಯ ಕೆಸರುನೀರು ಆ ಬಿರುಕನ್ನೇ ಹುಡುಕಿಕೊಂಡು ಹೋಗುತ್ತದೆ. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಎಷ್ಟು ಗಾಡಿಗಳು ಸೆಲ್ಲಾರುಗಳಲ್ಲಿ ನೀರು ಕುಡಿದವೆಂಬುದು ನಮಗೆಲ್ಲ ನೆನಪಿದೆ. ಹಾಗೆ ನೀರಿನಲ್ಲಿ ನಿಂತ ಗಾಡಿಯ ಎಂಜಿನನ್ನು ಎಲ್ಲರೂ ನೋಡಿಸುತ್ತಾರೆ, ಕೆಳಗಿನ ರಬ್ಬರು ಚೀಲಗಳನ್ನು ನೋಡಿಸುವವರು ಕಡಿಮೆ.

ಪರೀಕ್ಷೆ ಮನೆಯಲ್ಲೇ ಸಾಧ್ಯ. ಭಾನುವಾರ ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ, ಕಿಟಕಿ ತೆರೆದು, ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಮೊದಲ ಗೇರಿನಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ, ಆಮೇಲೆ ಬಲಕ್ಕೆ. ಎಡಕ್ಕೆ ತಿರುಗಿದಾಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ದೋಷ ಬಲಗಡೆಯ ಕೀಲಿನಲ್ಲಿ, ಬಲಕ್ಕೆ ತಿರುಗಿದಾಗ ಹೆಚ್ಚಿದರೆ ಎಡಗಡೆಯದರಲ್ಲಿ. ಹೊರಸುತ್ತಿನ ಚಕ್ರದ ಮೇಲೆ ಭಾರ ಹೆಚ್ಚು ಬೀಳುವುದೇ ಇದಕ್ಕೆ ಕಾರಣ. ಅನಂತರ ಗಾಡಿ ನಿಲ್ಲಿಸಿ, ತಿರುಗಿದ ಚಕ್ರದ ಹಿಂಬದಿಗೆ ಬಗ್ಗಿ ನೋಡಿ. ಚಕ್ರದ ಒಳಮೈಗೆ ಕಪ್ಪು ಗ್ರೀಸು ಉಂಗುರದಂತೆ ಚಿಮ್ಮಿದ್ದರೆ ಸಾಕ್ಷಿ ಸಿಕ್ಕಂತೆಯೇ.

ಸದ್ದು ಹುಟ್ಟುವ ಮುನ್ನವೇ ಚೀಲ ಹರಿದದ್ದು ಕಣ್ಣಿಗೆ ಬಿದ್ದರೆ ಚೀಲ ಬದಲಿಸಿ ಹೊಸ ಗ್ರೀಸು ತುಂಬಿಸಿದರೆ ಸಾಕು. ಕೀಲಿನ ಬೆಲೆಯಲ್ಲಿ ಅದೊಂದು ಸಣ್ಣ ಪಾಲು. ಸದ್ದು ಬಂದ ಮೇಲೆ ಗ್ರೀಸು ತುಂಬುವುದರಿಂದ ಪ್ರಯೋಜನವಿಲ್ಲ, ಬಿದ್ದ ಕುಳಿ ಮುಚ್ಚುವುದಿಲ್ಲ. ಕೀಲನ್ನೇ ಬದಲಿಸಬೇಕು. ಇಂಥ ಕೀಲು ಇಂದೇ ಮುರಿಯುತ್ತದೆಂದಲ್ಲ. ‘ಕಟಕಟ’ ಎನ್ನುತ್ತಲೇ ಕೆಲವು ತಿಂಗಳು ಓಡಿಸುವವರೂ ಇದ್ದಾರೆ. ಆದರೆ ಕೈಕೊಟ್ಟ ದಿನ ಎಂಜಿನು ಗುರುಗುಟ್ಟಿದರೂ ಗಾಡಿ ಕದಲುವುದಿಲ್ಲ, ಮತ್ತು ಆ ದಿನವನ್ನು ನಾವು ಆರಿಸುವಂತಿಲ್ಲ. ಕರ್ನೂಲಿನಾಚೆಯ ಹೆದ್ದಾರಿಯಲ್ಲಿ, ರಾತ್ರಿ ಹತ್ತು ಗಂಟೆಗೆ, ಹಿಂದೆ ಮಕ್ಕಳು ಮಲಗಿರುವಾಗ ಅದು ಬರಬಹುದು.

ಗಾಡಿ ನಿಂತಿದ್ದಾಗಲೂ ಸ್ಟೀರಿಂಗ್ ತಿರುಗಿಸಿದರೆ ‘ಟಕ್’ ಎಂದರೆ ಸಿ.ವಿ. ಜಾಯಿಂಟಿನ ಮೇಲೆ ಅಪವಾದ ಹೊರಿಸಬಾರದು. ಚಕ್ರದ ಮೇಲಿನ ಸ್ಪ್ರಿಂಗು ಕುಳಿತಿರುವ ತುದಿಯಲ್ಲಿ ಒಂದು ಬೇರಿಂಗು ಇದೆ. ಅದು ಬಿಗಿದುಕೊಂಡರೆ ಸ್ಪ್ರಿಂಗು ಚಕ್ರದೊಡನೆ ಸಲೀಸಾಗಿ ತಿರುಗದೆ ಮುರಿಗೊಂಡು, ತಡೆಯಲಾರದೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಆಗ ‘ಟಣ್’ ಎಂದೋ ‘ಟಕ್’ ಎಂದೋ ಸದ್ದು. ಒಬ್ಬರು ಒಳಗೆ ಕುಳಿತು ನಿಧಾನವಾಗಿ ತಿರುಗಿಸುತ್ತಿರಲು ಇನ್ನೊಬ್ಬರು ಬಾನೆಟ್ಟು ತೆರೆದು ಆ ಮೇಲ್ತುದಿಯ ಹತ್ತಿರ ಅಂಗೈಯಿಟ್ಟರೆ ಹೊಡೆತ ಕೈಗೇ ತಿಳಿಯುತ್ತದೆ. ತಿರುಗುವ ಪಂಖ, ಬೆಲ್ಟುಗಳಿಂದ ಬೆರಳು, ಸೀರೆಯ ಸೆರಗು ದೂರವಿರಲಿ.

ಸದ್ದು ಕಿವಿಗಿಂತ ಅಂಗೈಗೆ ಹೆಚ್ಚು ತಿಳಿಯುತ್ತದೆಯೆ? ಹಾಗಾದರೆ ಅದು ಸ್ಟೀರಿಂಗ್ ಕಂಬದ್ದು. ನಮ್ಮ ಕೈಯ ಚಕ್ರದಿಂದ ಕೆಳಗಿನ ಪೆಟ್ಟಿಗೆಗೆ ಹೋಗುವ ಸರಳು ನೇರವಾಗಿಲ್ಲ. ನಡುವೆ ಬಾಗಲು ಅಡ್ಡಕೀಲುಗಳಿವೆ. ಶಾಲೆಯಲ್ಲಿ ಸ್ಪ್ರಿಂಗಿನ ನಿಯಮ ಓದಿದ ಮಕ್ಕಳಿಗೆ ಪರಿಚಿತನಾದ ರಾಬರ್ಟ್ ಹುಕ್ ಎಂಬ ಹದಿನೇಳನೆಯ ಶತಮಾನದ ವಿಜ್ಞಾನಿಯ ಹೆಸರನ್ನೇ ಈ ಕೀಲೂ ಹೊತ್ತಿದೆ. ಇದು ಸವೆದರೆ ಅಥವಾ ಒಣಗಿದರೆ ಒರಟು ರಸ್ತೆಯಲ್ಲಿ, ಸ್ವಲ್ಪವೇ ತಿರುಗಿಸಿದಾಗ, ಕೈಗೆ ತಟ್ಟಿದಂತಾಗುತ್ತದೆ. ಈಚಿನ ಹಲವು ಗಾಡಿಗಳಲ್ಲಿ ತಿರುಗಿಸಲು ನೆರವಾಗುವ ವಿದ್ಯುತ್ ಮೋಟಾರು ಈ ಕಂಬಕ್ಕೇ ಅಂಟಿಕೊಂಡಿರುತ್ತದೆ. ಕೆಲವು ಮಾದರಿಗಳಲ್ಲಿ ಆ ಮೋಟಾರಿಗೂ ಹಲ್ಲುಚಕ್ರಕ್ಕೂ ನಡುವೆ ನಕ್ಷತ್ರದ ಆಕಾರದ, ರೂಪಾಯಿ ನಾಣ್ಯದಷ್ಟರ ಒಂದು ರಬ್ಬರು ತುಂಡು ಇದ್ದು, ಅದು ಬಿಸಿಗೆ ಪುಡಿಯಾದರೆ ಆಚೀಚೆ ಅಲುಗಿಸಿದಾಗಲೆಲ್ಲ ‘ಟಕ್‌ಟಕ್’. ಆ ತುಂಡು ಬೇರೆಯಾಗಿ ದೊರೆಯುವಲ್ಲಿಯೂ ಕೆಲವರು ಇಡೀ ಕಂಬವನ್ನೇ ಬದಲಿಸಬೇಕೆನ್ನುತ್ತಾರೆ. ತುಂಡು ಸಿಗುವುದೇ ಎಂದು ಕೇಳಲು ಸಂಕೋಚ ಬೇಡ.

ಚಕ್ರದ ನಟ್ಟನಡುವಿನಿಂದ, ಹಾರನ್ನಿನ ಹಿಂದಿನಿಂದ, ಹಾಳೆ ಸರಿದಂತೆಯೋ ಚಿಟಿಕೆ ಹೊಡೆದಂತೆಯೋ ಬರುವ ಸದ್ದು ಬೇರೊಂದು ಕಥೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ತಿರುಗುವ ಚಕ್ರದೊಳಗಿನ ಆ ಚೀಲಕ್ಕೆ ವಿದ್ಯುತ್ತು ತಲುಪಿಸಲು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಪಟ್ಟಿತಂತಿಯೊಂದಿದೆ. ಅದು ಹರಿಯತೊಡಗಿದರೆ ಸದ್ದಿನ ಜೊತೆಗೆ ಹಾರನ್ನು ಒಮ್ಮೊಮ್ಮೆ ಮೂಕವಾಗುತ್ತದೆ, ಮುಂದಿನ ಹಲಗೆಯಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತದೆ. ದೀಪ ಉರಿದಿದೆಯೆಂದರೆ ಅಪಘಾತದಲ್ಲಿ ಚೀಲ ಬಿಚ್ಚದಿರಬಹುದು. ಇದನ್ನು ಬೀದಿಬದಿಯಲ್ಲಿ ಬಿಚ್ಚಿಸಬಾರದು. ಮನೆಯ ಜಾಣ ಹುಡುಗರಿಗೂ ಬಿಡಬಾರದು. ಬ್ಯಾಟರಿಯ ತಂತಿ ಕಳಚಿ, ಕೆಲವು ನಿಮಿಷ ಕಾದು, ಪದ್ಧತಿ ಬಲ್ಲವನೇ ಚಕ್ರ ತೆಗೆಯಬೇಕು. ಹೊಸ ಪಟ್ಟಿಯನ್ನು ಸರಿಯಾಗಿ ಮಧ್ಯಕ್ಕೆ ತಂದು ಕೂಡಿಸಬೇಕು. ಇಲ್ಲವಾದರೆ ಮೊದಲ ಯು ಟರ್ನಿನಲ್ಲೇ ಅದು ಹರಿದುಹೋದೀತು.

ಎಲ್ಲಕ್ಕಿಂತ ಗಂಭೀರವಾದದ್ದು ಕೊನೆಗುಳಿದಿದೆ. ಹಳ್ಳ ಬಿದ್ದಾಗ, ಉಬ್ಬು ಹತ್ತಿ ಇಳಿದಾಗ, ಮತ್ತು ತಿರುಗುವಾಗ ‘ಟಕ್’ ಎಂದು, ಅದರ ಜೊತೆಗೆ ಸ್ಟೀರಿಂಗ್ ಸಡಿಲವಾದಂತೆ, ಗಾಡಿ ತನ್ನಷ್ಟಕ್ಕೆ ಪಕ್ಕಕ್ಕೆ ಎಳೆದಂತೆ ಅನಿಸಿದರೆ, ಚಕ್ರವನ್ನು ಹಿಡಿದಿರುವ ಬಾಲ್ ಜಾಯಿಂಟು ಅಥವಾ ಟೈ ರಾಡಿನ ತುದಿ ಸವೆದಿರಬಹುದು. ಸಿ.ವಿ. ಜಾಯಿಂಟು ಕೈಕೊಟ್ಟರೆ ಗಾಡಿ ನಿಲ್ಲುತ್ತದೆ. ಇವು ಕಳಚಿದರೆ ಗಾಡಿ ನಿಲ್ಲುವುದಿಲ್ಲ, ಆದರೆ ನಮ್ಮ ಮಾತು ಕೇಳುವುದಿಲ್ಲ. ಗ್ಯಾರೇಜಿನಲ್ಲಿ ಚಕ್ರವನ್ನು ಮೇಲೆತ್ತಿ, ಕೇವಲ ಜಾಕಿಯನ್ನು ನಂಬದೆ ಭದ್ರವಾದ ಊರೆ ಕೊಟ್ಟು, ಎಡಬಲ ಹಿಡಿದು ಅಲುಗಿಸಿದರೆ ಟೈ ರಾಡಿನ ಸಡಿಲವೂ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟು ಅಥವಾ ಚಕ್ರದ ಬೇರಿಂಗಿನ ಸಡಿಲವೂ ತಿಳಿಯುತ್ತದೆ. ಐದು ನಿಮಿಷದ ಕೆಲಸ. ಸಡಿಲ ಕಂಡ ಗಾಡಿಯನ್ನು ‘ಈ ಹಬ್ಬ ಮುಗಿಯಲಿ’ ಎಂದು ಊರಿಗೆ ಹೊರಡಿಸುವುದನ್ನು ಮನೆಯವರು ಯಾರೂ ಒಪ್ಪಬಾರದು, ರೈಲಿದೆ, ಬಸ್ಸಿದೆ.

ಇನ್ನು ಮೆಕಾನಿಕ್ಕಿನ ಮುಂದೆ ನಿಲ್ಲುವ ಪ್ರಸಂಗ. ಲೊಟಲೊಟ, ಕಟಕಟ, ಕಿರಕಿರ, ಗಡಗಡ ಎಂದು ನಮ್ಮ ಭಾಷೆಯಲ್ಲಿ ಅನುಕರಣದ ಪದಗಳಿಗೆ ಬರವಿಲ್ಲ. ಗಾಡಿಯ ಪ್ರತಿಯೊಂದು ರೋಗಕ್ಕೂ ಒಂದೊಂದು ಸಿಗುತ್ತದೆ. ಅದೃಷ್ಟಕ್ಕೆ ಈ ಊರಿನ ದಖ್ಖನಿಯಲ್ಲಿಯೂ ಅಷ್ಟೇ ಸಂಪತ್ತಿದೆ. “ಕೈಸಾ ಆವಾಜ್ ಆರಾ ಸಾಬ್, ಖಟ್‌ಖಟ್ ಯಾ ಕಿರ್‌ಕಿರ್?” ಎಂದು ಕೇಳುವ ಉಸ್ತಾದ್ ಸಿಕ್ಕರೆ ಅವನನ್ನು ಬಿಡಬೇಡಿ; ಅವನು ಅರ್ಧ ರೋಗ ಕಿವಿಯಲ್ಲೇ ಹಿಡಿದಿದ್ದಾನೆ. ಬೀದರ, ಕಲಬುರ್ಗಿ, ರಾಯಚೂರಿನಿಂದ ಬಂದವರಿಗೆ ಈ ಮಾತು ಮನೆಯ ಮಾತಿನಷ್ಟೇ ಸಲೀಸು. ಹಳೆಯ ಮೈಸೂರಿನ ಕಡೆಯವರು ಕೈಯಿಂದ ತೋರಿಸಿ ಸುಧಾರಿಸಬೇಕಾಗುತ್ತದೆ.

ಆದರೆ ಗಾಡಿಗೂ ಮಕ್ಕಳ ಜ್ವರಕ್ಕೂ ಒಂದು ಹೋಲಿಕೆಯಿದೆ: ವೈದ್ಯರ ಬಾಗಿಲಿಗೆ ಹೋದೊಡನೆ ಇಳಿದುಬಿಡುತ್ತದೆ. ಅದಕ್ಕೆ ಎರಡು ಉಪಾಯ. ಸದ್ದು ಬಂದಾಗ ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ಹಿಡಿದಿಡಲಿ. ಚಾಲಕ ಆ ಕೆಲಸಕ್ಕೆ ಕೈ ಹಾಕಬಾರದು. ಮತ್ತೆ, ಗಾಡಿಯನ್ನು ಬಿಟ್ಟು ಬರದೆ ಉಸ್ತಾದನನ್ನೇ ಓಡಿಸಲು ಕೂಡಿಸಿ ಒಂದು ಯು ಟರ್ನು, ಒಂದು ಉಬ್ಬು, ಒಂದು ಇಳಿಜಾರು ಸುತ್ತಿ ಬನ್ನಿ. ಹೇಳುವಾಗ “ಸ್ಟೀರಿಂಗ್ ಹಾಳಾಗಿದೆ” ಎನ್ನಬೇಡಿ. ನಿಂತಾಗಲೋ ಓಡುವಾಗಲೋ, ಎಡಕ್ಕೋ ಬಲಕ್ಕೋ, ಒಂದು ಸಲವೋ ಸಾಲಾಗಿಯೋ, ಇಷ್ಟನ್ನೇ ಹೇಳಿ. ನಾವೇ ರೋಗದ ಹೆಸರು ಹೇಳಿದರೆ ಅದಕ್ಕೇ ಮದ್ದು ಕೊಡುವವರು, ಅದಕ್ಕೇ ಬಿಲ್ಲು ಬರೆಯುವವರು ಸಿಗುತ್ತಾರೆ. ಸ್ಟೀರಿಂಗಿನ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಒಬ್ಬರು ಅಂದರೆ, ಕೆಲಸ ಒಪ್ಪಿಸುವ ಮುಂಚೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಅವಿಶ್ವಾಸವಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಎರಡನೆಯ ವೈದ್ಯರನ್ನು ಕೇಳುವುದಿಲ್ಲವೆ?

“ಕುಛ್ ನೈ ಹೋತಾ ಸಾಬ್” ಎಂಬ ಅಭಯವಚನವೂ ಈ ಊರಿನದೇ. ಪ್ರೀತಿಯ ಮಾತು, ಆದರೆ ಚಕ್ರ ಎತ್ತಿ ನೋಡಿದ ಮೇಲೆ ಹೇಳಿದ್ದೋ ನೋಡದೆ ಹೇಳಿದ್ದೋ ಎಂಬುದನ್ನು ಗಮನಿಸಬೇಕು.

ಸಿಕಂದರಾಬಾದಿನ ರಾಣಿಗಂಜಿನಲ್ಲಿಯೂ ಕೋಠಿಯ ಹತ್ತಿರದ ಪುತ್ಲಿಬೌಲಿಯಲ್ಲಿಯೂ ಬಿಡಿಭಾಗದ ಅಂಗಡಿಗಳು ಸಾಲಾಗಿವೆ. ಕಂಪನಿಯ ಮಾಲೂ ಸಿಗುತ್ತದೆ, ಅದೇ ಡಬ್ಬಿಯಲ್ಲಿ ಬೇರೆ ಮಾಲೂ ಸಿಗುತ್ತದೆ. ಸೀಟಿನ ಹೊದಿಕೆಗೆ ಅಗ್ಗ ನೋಡಿದರೆ ನಷ್ಟವಿಲ್ಲ. ಬಾಲ್ ಜಾಯಿಂಟು, ಟೈ ರಾಡು, ಏರ್‌ಬ್ಯಾಗಿನ ಪಟ್ಟಿ ಇವಕ್ಕೆ ಬಿಲ್ಲು ಸಹಿತ ನಂಬುಗೆಯ ಮಾಲೇ ಆಗಬೇಕು. ಟೈ ರಾಡಿನ ತುದಿ ಬದಲಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟು ಮಾಡಿಸದಿದ್ದರೆ ಕೆಲವೇ ತಿಂಗಳಲ್ಲಿ ಟಯರು ಒಂದೇ ಬದಿಗೆ ಸವೆದುಹೋಗುತ್ತದೆ.

ಬಿಚ್ಚಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ; ಕೊಡಲು ಒಲ್ಲೆನೆನ್ನುವ ಗ್ಯಾರೇಜಿಗೆ ಮತ್ತೆ ಹೋಗಬೇಕೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಸಿ.ವಿ. ಜಾಯಿಂಟಾದರೆ ಸೀಮೆಎಣ್ಣೆಯಲ್ಲಿಯೋ ಡೀಸೆಲಿನಲ್ಲಿಯೋ ತೊಳೆದು, ಉಕ್ಕಿನ ಗುಂಡುಗಳನ್ನು ಸರಿಸಿ, ಕಾಲುವೆಯಲ್ಲಿ ಉಗುರು ಆಡಿಸಿ ನೋಡಿ. ನಯವಾಗಿ ಹೋಗುತ್ತ ಹೋಗುತ್ತ ಒಂದು ಕಡೆ ಉಗುರು ತಡೆಯುತ್ತದೆ. ಮನೆಯ ಮಕ್ಕಳ ಕೈಗೂ ಕೊಡಿ. ಇಷ್ಟು ದಿನ ಸೆಲ್ಲಾರಿನಲ್ಲಿ ‘ಕಟಕಟ’ ಎನ್ನುತ್ತಿದ್ದ ಕುಳಿ ಇದೇ ಎಂದು ಅವರೂ ಮುಟ್ಟಿ ನೋಡಲಿ.